ಬಯಲುಸೀಮೆಯಲ್ಲೊಂದು ಸಮುದ್ರ

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ನೀರಿನ ಬಗ್ಗೆ ಬೇಕಾದಷ್ಟು ಜ್ಞಾನವಿದೆ; ನೀರೊಂದಿಲ್ಲ, ಅಷ್ಟೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಎಲ್ಲವೂ ಹುಟ್ಟುವುದು ನಂದಿಬೆಟ್ಟದ ಸುತ್ತಮುತ್ತಲೇ. ಆದರೆ ಓದು ಮುಗಿಸಿದ ನಮ್ಮ ಹುಡುಗರು ಬೆಂಗಳೂರಿನ ಬಸ್ಸು ಹತ್ತುವ ಹಾಗೆ, ಅವೂ ಹುಟ್ಟಿದೂರಲ್ಲಿ ನಿಲ್ಲುವುದಿಲ್ಲ. ಗೌರಿಬಿದನೂರಿನಲ್ಲಿ ಪಿನಾಕಿನಿ ಎಂದರೆ ಬಹುಕಾಲ ಮರಳು. ಈಚೆಗೆ ಅದಕ್ಕೂ ಬರ. ಕೊಳವೆಬಾವಿ ಸಾವಿರ ಅಡಿ ದಾಟಿದರೆ ಸಿಗುವುದು ಫ್ಲೋರೈಡು ಬೆರೆತ ನೀರು. ಕೆರೆಗಳಿಗೆ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರು ಬಳಸಿ ಬಿಟ್ಟ ನೀರು ಶುದ್ಧೀಕರಣವಾಗಿ ಬರುತ್ತದೆ.

ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಮೇಲಿರುವ ಈ ಜಿಲ್ಲೆಯ ಊರೊಂದರಲ್ಲಿ ನಮ್ಮಕ್ಕನ ಮಗ ನಡುಮನೆಗೇ ಸಮುದ್ರ ತಂದಿಟ್ಟ. 200 ಲೀಟರಿನ ಗಾಜಿನ ತೊಟ್ಟಿ. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ 7 ಕಿಲೋ ಸಮುದ್ರದುಪ್ಪು. “ಇಷ್ಟು ಉಪ್ಪಲ್ಲಿ ಎರಡು ವರ್ಷದ ಉಪ್ಪಿನಕಾಯಿ ಹಾಕ್ತಿದ್ನಲ್ಲೋ” ಎಂದು ನಮ್ಮಮ್ಮ ಹೊಟ್ಟೆ ಉರಿದುಕೊಂಡರು.

ಅದಾದ ಮೇಲೆ ನೋಡಲು ಬಂದವರದೆಲ್ಲ ಒಂದೇ ಪ್ರಶ್ನೆ: “ಮೀನೆಲ್ಲಪ್ಪಾ?”

“ಇನ್ನೂ ಬ್ಯಾಕ್ಟೀರಿಯಾ ಬರಬೇಕು.”

ಬ್ಯಾಕ್ಟೀರಿಯಾ ಓಡಿಸಲೆಂದೇ ಕುಡಿಯುವ ನೀರಿಗೆ ಫಿಲ್ಟರು ಕೊಂಡ ಮನೆ ಅದು. ಬರಲಿ ಎಂದು ಕಾದು ಕೂತವನನ್ನು ಎಲ್ಲರೂ ಕನಿಕರದಿಂದ ನೋಡಿದರು. ಮೂರನೆಯ ವಾರಕ್ಕೆ ಮರಳಿನ ಮೇಲೆ, ಗಾಜಿನ ಮೇಲೆ ಕಂದು ಪಾಚಿ ಹರಡಿತು. “ನೀರು ಕೆಟ್ಟಿದೆ, ಚೆಲ್ಲಿ ಬೇರೆ ತುಂಬು” ಎಂದು ಚಿಂತಾಮಣಿಯಿಂದ ಬಂದ ನೆಂಟರು ಕಾಫಿಗೆ ಮೊದಲೇ ಉಪದೇಶ ಕೊಟ್ಟರು. ಹುಡುಗ ಜಗ್ಗಲಿಲ್ಲ.

ಅವನ ಪರವಾಗಿ ಮಾತಾಡಿದವರು ಶಿಡ್ಲಘಟ್ಟದ ಮಾವ ಒಬ್ಬರೇ. ರೇಷ್ಮೆ ಬಿಚ್ಚಿಸುವ ಕಸುಬಿನವರು. ಗೂಡು ಬೆಂದ ನೀರು ಚಹಾದ ಬಣ್ಣಕ್ಕೆ ತಿರುಗುವುದನ್ನು, ಆ ಹುಳುವಿನ ವಾಸನೆಯನ್ನು ದಿನವೂ ಕಂಡವರು. ತೊಟ್ಟಿಗೆ ಬಗ್ಗಿ ನೋಡಿ, “ನೀರಿನ ಮುಖ ನೋಡಿ ನೀರು ಚೆಲ್ಲಬಾರದು. ನಾವು ನೂಲಿನ ಹೊಳಪು ನೋಡ್ತೀವಿ. ನೀನೇನು ನೋಡ್ತೀಯಾ?” ಎಂದರು. ಹುಡುಗ ಪುಟ್ಟ ಗಾಜಿನ ಕೊಳವೆಗೆ ತೊಟ್ಟಿಯ ನೀರು ಹಾಕಿ, ಔಷಧದ ಹನಿ ಬಿಟ್ಟು ಅಲ್ಲಾಡಿಸಿದ. ಹಳದಿಯಾಗಿಯೇ ಉಳಿದರೆ ಅಮೋನಿಯಾ ಇಲ್ಲ. ಹಸಿರಿಗೆ ತಿರುಗಿದರೆ ಇದೆ. ತಿರುಗಿತು, ತಿಳಿಯಾಗಿ.

ಅವನು ಕಾಯುತ್ತಿದ್ದುದು ಇದಕ್ಕೇ: ತೊಟ್ಟಿಯಲ್ಲಿ ಕೊಳೆತದ್ದರಿಂದ ಮೊದಲು ಅಮೋನಿಯಾ ಹುಟ್ಟುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟು ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟು ಮಾಡುತ್ತದೆ. ಮೊದಲೆರಡೂ ಮೀನಿಗೆ ವಿಷ. ಮೂರನೆಯದು ಅಷ್ಟು ಕ್ರೂರಿಯಲ್ಲ. ಈ ಸಂಸಾರ ಕಲ್ಲು, ಮರಳಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ನಡುವೆ ನೀರು ಚೆಲ್ಲಿದರೆ ಅವುಗಳ ಊಟವನ್ನೇ ಕಿತ್ತುಕೊಂಡಂತೆ. ಅಮೋನಿಯಾ ವಿಪರೀತ ಏರಿದರೆ, ಇಲ್ಲವೇ ಆಗಲೇ ಮೀನು ಬಿಟ್ಟಿದ್ದರೆ ಮಾತು ಬೇರೆ.

ಅಮೋನಿಯಾ, ನೈಟ್ರೈಟು ಎರಡೂ ಸೊನ್ನೆಗೆ ಇಳಿದ ದಿನವೇ ಮೊದಲ ನೀರು ಬದಲಾವಣೆಯ ಮುಹೂರ್ತ. ಕೂಡಿಕೊಂಡ ನೈಟ್ರೇಟು ಇಳಿಯಲು ಅಂದು ಮೂರನೇ ಒಂದು ಭಾಗವನ್ನೋ ಅರ್ಧವನ್ನೋ ತೆಗೆಯಬಹುದು. ಆಮೇಲೆ ವಾರಕ್ಕೆ ಹತ್ತನೇ ಒಂದು ಭಾಗ ಸಾಕು. ಹೊಸ ಉಪ್ಪುನೀರನ್ನು ಹಿಂದಿನ ದಿನವೇ ಆರ್‌ಒ ನೀರಲ್ಲಿ ಕಲಸಿ, ಪಂಪು ಓಡಿಸಿ ಇಟ್ಟಿರಬೇಕು. ಆವಿಯಾಗಿ ತಗ್ಗಿದ್ದಕ್ಕೆ ಮಾತ್ರ ಬರೀ ಸಿಹಿನೀರು, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ.

ಕೊನೆಗೊಂದು ವಿನಂತಿ. ಅಕ್ಕಿ ತೊಳೆದದ್ದರಿಂದ ಹಿಡಿದು ಆರ್‌ಒ ಉಗುಳಿದ್ದರವರೆಗೆ ಬಳಸಿದ ನೀರನ್ನೆಲ್ಲ ಗಿಡಕ್ಕೆ ಹಾಕುವುದು ನಮ್ಮ ಸೀಮೆಯ ವಾಡಿಕೆ. ಈ ತೊಟ್ಟಿಯ ನೀರೊಂದನ್ನು ಮಾತ್ರ ದಯವಿಟ್ಟು ಚರಂಡಿಗೆ ಚೆಲ್ಲಿ. ಕರಿಬೇವಿನ ಗಿಡ ಉಳಿದುಕೊಳ್ಳಲಿ.