ಮಾಲ ಐತ್ರಿ, ಸಿಗವಲ್ದು

ಗೋದಾಮು ಎಂದರೆ ಸರಕು ಮಲಗುವ ಜಾಗ ಎಂದು ಜನ ತಿಳಿದಿದ್ದಾರೆ. ಸರಕು ಮಲಗಿದರೆ ದುಡ್ಡು ಮಲಗುತ್ತದೆ, ದುಡ್ಡು ಮಲಗಿದರೆ ಬ್ಯಾಂಕಿನ ಬಡ್ಡಿ ಎದ್ದು ಕೂರುತ್ತದೆ. ಹಾಗಾಗಿ ಹುಬ್ಬಳ್ಳಿಯ ಗಬ್ಬೂರ ಬೈಪಾಸಿನ ಆಚೆಗಿರುವ ನಮ್ಮ ತಗಡಿನ ಗೋದಾಮಿನಲ್ಲಿ ಯಾವುದೂ ಹೆಚ್ಚು ಹೊತ್ತು ನಿಲ್ಲಬಾರದು ಎಂಬುದೇ ಕಟ್ಟಳೆ. ಬೆಳಗ್ಗೆ ಕಂಪನಿಯ ಲಾರಿ ಬರುತ್ತದೆ. ಬಿಸ್ಕತ್ತು, ಸಾಬೂನು, ಚಹಾಪುಡಿ, ಊದುಬತ್ತಿ, ಶಾಂಪೂ ಸರ ಇಳಿಯುತ್ತವೆ. ನಾಳೆಯೋ ನಾಡಿದ್ದೋ ಅವೇ ಸಣ್ಣ ಗಾಡಿಗಳನ್ನೇರಿ ಕುಂದಗೋಳ, ಕಲಘಟಗಿ, ನವಲಗುಂದ, ಅಣ್ಣಿಗೇರಿಯ ಅಂಗಡಿಗಳಿಗೆ ಹೊರಡಬೇಕು. ಕಾಗದದ ಮೇಲೆ ಇದರಷ್ಟು ಸಲೀಸಾದ ಕೆಲಸ ಇನ್ನೊಂದಿಲ್ಲ.

ನಮ್ಮಲ್ಲಿ ಬಲ್ಲವರು ಇಬ್ಬರು. ಒಂದು, ಬಿಲ್ಲಿಂಗ್ ಕೋಣೆಯ ಕಂಪ್ಯೂಟರು. ಇನ್ನೊಬ್ಬರು, ಗೋದಾಮಿನ ಕಾಕಾ. ಎಷ್ಟಿದೆ ಎಂಬುದು ಕಂಪ್ಯೂಟರಿಗೆ ಗೊತ್ತು. ಎಲ್ಲಿದೆ ಎಂಬುದು ಕಾಕಾಗೆ ಗೊತ್ತು. ಎರಡೂ ಜ್ಞಾನ ಒಂದೇ ತಲೆಯಲ್ಲಿ ಕೂಡಿದ್ದನ್ನು ನಾನು ಈವರೆಗೆ ಕಂಡಿಲ್ಲ. ಕಾಕಾ ಎಂದರೆ ಮದುವೆಮನೆಯ ಉಗ್ರಾಣಕ್ಕೆ ಕೂಡಿಸಿದ ಸೋದರಮಾವನ ಹಾಗೆ: ಬೀಗದ ಕೈ ಸೊಂಟದಲ್ಲಿ, ಲೆಕ್ಕ ಬಾಯಲ್ಲಿ, ಎರಡು ಕೇಳಿದವರಿಗೆ ಒಂದೇ ಕೊಡುವ ಗಟ್ಟಿತನ ಮುಖದಲ್ಲಿ.

"ಕಾಕಾ, ನಿಂಬಿಹಣ್ಣಿನ ಸಾಬೂನು ಹದಿನಾಲ್ಕು ಬಾಕ್ಸ್ ತೋರಸಾಕತ್ತೈತಿ."

"ಐತ್ರಿ ಸರ್."

"ಮತ್ತ ಕಲಘಟಗಿ ಗಾಡಿಗೆ ಯಾಕ ಏರಿಸಿಲ್ಲ?"

"ಮಾಲ ಐತ್ರಿ, ಸಿಗವಲ್ದು."

ದೇವರ ಬಗ್ಗೆ ಹೇಳಬಹುದಾದ ಮಾತನ್ನು ಸಾಬೂನಿನ ಬಗ್ಗೆ ಇಷ್ಟು ಶಾಂತವಾಗಿ ಹೇಳುವವರು ಅಪರೂಪ. ನನಗಂತೂ ಆಮೇಲೆ ಏನು ಕೇಳಬೇಕೆಂದು ಹೊಳೆಯುವುದಿಲ್ಲ.

ಮೊದಲು ಬಂದದ್ದು ಮೊದಲು ಹೋಗಬೇಕು ಎಂಬುದು ಈ ವ್ಯಾಪಾರದ ಮೂಲಮಂತ್ರ. ಕಂಪನಿಯವರು ಅದನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಲು ಕೊಟ್ಟಿದ್ದಾರೆ. ಆದರೆ ಮೊದಲು ಬಂದದ್ದು ಎಲ್ಲಿರುತ್ತದೆ? ಹಿಂದೆ, ಗೋಡೆಯ ಪಕ್ಕ. ನಿನ್ನೆಯದು ಅದರ ಮುಂದೆ. ಇವತ್ತಿನದು ಬಾಗಿಲಲ್ಲಿ. ಗಾಡಿ ಹಾರ್ನ್ ಹೊಡೆಯುತ್ತಿರುವಾಗ ಹಮಾಲಿ ಹುಡುಗನ ಕೈ ಯಾವುದಕ್ಕೆ ಹೋಗುತ್ತದೆ ಎಂದು ಹೇಳಲು ಜಾತಕ ನೋಡಬೇಕಿಲ್ಲ. ಆ ಮಂತ್ರದ ಹಾಳೆ ಕೂಡ ಈಗ ಸಾಬೂನಿನ ಅಟ್ಟಿಯ ಹಿಂದೆ ಎಲ್ಲೋ ಇದೆ. ಎಲ್ಲಕ್ಕಿಂತ ಮೊದಲು ಬಂದದ್ದಲ್ಲವೇ, ಹಿಂದೆ ಸೇರಿತು.

ತಿನ್ನುವ ಸಾಮಾನಿಗೆ ಇನ್ನೂ ಬಿಗಿಯಾದ ಮಂತ್ರವಿದೆ: ಮೊದಲು ಕೆಡುವುದು ಮೊದಲು ಹೋಗಬೇಕು. ಬಂದ ತಾರೀಖು ಬಿಡಿ, ಪೊಟ್ಟಣದ ಮೇಲಿನ ತಾರೀಖು ನೋಡಿ ಎಂದರ್ಥ. ಇದನ್ನು ಪಾಲಿಸಲು ನಾವು ತಯಾರು. ಆದರೆ ಹೋದ ವಾರದ ಲಾರಿಯಲ್ಲಿ ಬಂದದ್ದು ಆಗಸ್ಟಿನಲ್ಲಿ ತಯಾರಾದ ಬಿಸ್ಕತ್ತು, ಈ ವಾರ ಬಂದದ್ದು ಜುಲೈನದು. ಕಂಪನಿಯ ಡಿಪೋದಲ್ಲೂ ಒಂದು ಗೋಡೆ, ಒಂದು ಬಾಗಿಲು, ಒಬ್ಬ ಹಮಾಲಿ ಹುಡುಗ ಇದ್ದಾನೆ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಇನ್ನು ಯಾವುದರ ಪಕ್ಕ ಯಾವುದು ಎಂಬ ಪ್ರಶ್ನೆ. ಇದರಲ್ಲಿ ಮನುಷ್ಯರ ಪಂಕ್ತಿಭೇದಕ್ಕಿಂತ ಸರಕಿನ ಪಂಕ್ತಿಭೇದಕ್ಕೆ ಹೆಚ್ಚು ಅರ್ಥವಿದೆ. ಚಹಾಪುಡಿ ಪಕ್ಕದವರ ವಾಸನೆಯನ್ನೆಲ್ಲ ಹೀರಿಕೊಳ್ಳುವ ಪ್ರಾಣಿ. ಅದನ್ನು ಊದುಬತ್ತಿಯ ನೆರೆಗೆ ಹತ್ತು ದಿನ ಬಿಟ್ಟರೆ ಚಹಾ ಕುಡಿದವರಿಗೆ ಕೈಮುಗಿಯಬೇಕೆನಿಸುತ್ತದೆ. ಬಿಸ್ಕತ್ತನ್ನು ಫಿನಾಯಿಲಿನಿಂದ ದೂರ ಇಡಬೇಕು. ನೆಲಕ್ಕೆ ತಾಗದಂತೆ ಮರದ ಪ್ಯಾಲೆಟ್ ಮೇಲೆ ಇಡಬೇಕು, ಗೋಡೆಗೆ ತಾಗದಂತೆ ಗೇಣು ಜಾಗ ಬಿಡಬೇಕು. ಮಳೆಗಾಲದಲ್ಲಿ ಗೋಡೆ ಬೆವರುತ್ತದೆ. ಆ ಜಾಗ ಗಾಳಿಯಾಡಲು ಎಂದು ಪುಸ್ತಕ ಹೇಳುತ್ತದೆ. ಇಲಿಗಳು ಪುಸ್ತಕ ಓದಿಲ್ಲವಾದ್ದರಿಂದ ಅದು ತಮಗಾಗಿ ಬಿಟ್ಟ ಓಣಿ ಎಂದು ತಿಳಿದಿವೆ. ಒಂದರ ಮೇಲೊಂದು ಎಷ್ಟು ಪೆಟ್ಟಿಗೆ ಪೇರಿಸಬಹುದು ಎಂಬುದು ರಟ್ಟಿನ ಮೇಲೇ ಅಚ್ಚಾಗಿರುತ್ತದೆ. ತಿಂಗಳ ಕೊನೆಯಲ್ಲಿ ಮಾತ್ರ ಅದನ್ನು ಯಾರೂ ಓದುವುದಿಲ್ಲ.

ಹತ್ತಿರ ಯಾವುದನ್ನಿಡಬೇಕು, ಅಟ್ಟಕ್ಕೆ ಯಾವುದನ್ನು ಏರಿಸಬೇಕು ಎಂಬುದಕ್ಕೂ ಶಾಸ್ತ್ರವಿದೆ. ಇಟಲಿಯ ವಿಲ್ಫ್ರೆಡೊ ಪರೆಟೊ ಎಂಬ ಅರ್ಥಶಾಸ್ತ್ರಜ್ಞ ಸಂಪತ್ತು ಕೆಲವೇ ಜನರ ಕೈಯಲ್ಲಿ ಗುಡ್ಡೆಯಾಗುವುದನ್ನು ಲೆಕ್ಕ ಹಾಕಿ ತೋರಿಸಿದ. ಆಮೇಲೆ ಜೋಸೆಫ್ ಜುರಾನ್ ಎಂಬ ಗುಣಮಟ್ಟದ ಪಂಡಿತ ಅದನ್ನು ಕಾರ್ಖಾನೆಗೂ ಹೊಂದಿಸಿ ಪರೆಟೊ ಹೆಸರಿನಲ್ಲೇ ಓಡಾಡಿಸಿದ. ನೂರಕ್ಕೆ 20ರಷ್ಟು ಸಾಮಾನು ನೂರಕ್ಕೆ 80ರಷ್ಟು ವ್ಯಾಪಾರ ತರುತ್ತದೆ ಎಂಬುದು ಅದರ ತಾತ್ಪರ್ಯ. ಅಂಥವಕ್ಕೆ 'ಎ' ದರ್ಜೆ, ಬಾಗಿಲ ಬಳಿ ಜಾಗ. ಯಾವಾಗಲೋ ಒಮ್ಮೆ ಹೋಗುವವಕ್ಕೆ 'ಸಿ' ದರ್ಜೆ, ಅಟ್ಟ. ಲೆಕ್ಕ ಸರಿಯೇ ಇದೆ. ಆದರೆ ಪರೆಟೊ ಕುಂದಗೋಳಕ್ಕೆ ಬಂದವನಲ್ಲ. ಅಲ್ಲಿನ ಒಂದು ಅಂಗಡಿಯ ಶೆಟ್ಟರಿಗೆ ಅಟ್ಟದ ಮೇಲಿರುವ ಕಂದು ಬಣ್ಣದ ಬೂಟ್ ಪಾಲಿಶ್ ಡಬ್ಬಿ ಎರಡು ಬೇಕು. ಅದಿಲ್ಲದೆ ಹೋದರೆ, "ಹಂಗಾರ ಉಳಿದದ್ದೂ ಬ್ಯಾಡ ಬಿಡ್ರಿ" ಎಂದು ಒಂದು ಗಾಡಿ ತುಂಬುವ 'ಎ' ದರ್ಜೆಯನ್ನು ವಾಪಸು ಕಳಿಸುತ್ತಾರೆ. ಕುಂದಗೋಳದಲ್ಲಿ ಅಷ್ಟು ಕಂದು ಬೂಟುಗಳು ಯಾರ ಕಾಲಲ್ಲಿವೆಯೋ ನಾನರಿಯೆ.

ತಿಂಗಳ ಕೊನೆ ಅಂದೆನಲ್ಲ, ಆ ಸುಖವನ್ನು ಸ್ವಲ್ಪ ವಿವರಿಸಬೇಕು. ಕಂಪನಿ ನಮಗೆ ಮಾರಿದ್ದು ಪ್ರೈಮರಿ, ನಾವು ಅಂಗಡಿಗೆ ಮಾರಿದ್ದು ಸೆಕೆಂಡರಿ. ಕಂಪನಿಯ ಆಫೀಸರ ಟಾರ್ಗೆಟ್ಟು ಪ್ರೈಮರಿಯಲ್ಲಿ ಇರುತ್ತದೆ. ನಮ್ಮ ಹೊಟ್ಟೆ ಸೆಕೆಂಡರಿಯಲ್ಲಿ. 28ನೇ ತಾರೀಖಿನವರೆಗೂ ಫೋನೆತ್ತದ ಆಫೀಸರು 29ಕ್ಕೆ "ಅಣ್ಣಾರ" ಎಂದು ತಾವಾಗಿಯೇ ಫೋನು ಮಾಡಿದರೆ ಒಂದು ಲಾರಿ ಆಗಲೇ ಹೊರಟಿದೆ ಎಂದು ತಿಳಿಯಬೇಕು. 30ರ ರಾತ್ರಿ ಅದು ಬಾಗಿಲಿಗೆ ಬರುತ್ತದೆ. ಒಳಗೆ ನಾವು ಕೇಳಿದ ಚಹಾಪುಡಿ ಕಡಿಮೆ, ಕೇಳದ ಕೂದಲ ಬಣ್ಣ ಹೆಚ್ಚು. ಜತೆಗೆ ಸ್ಕೀಮು: ಬಟ್ಟೆ ತೊಳೆಯುವ ಪುಡಿಯ ಜತೆ ಪುಕ್ಕಟೆ ಪ್ಲಾಸ್ಟಿಕ್ ಮಗ್ಗು. ಪುಡಿಗೆ ಕಂಪ್ಯೂಟರಿನಲ್ಲಿ ಹೆಸರುಂಟು, ಬೆಲೆಯುಂಟು. ಪುಕ್ಕಟೆ ಮಗ್ಗಿಗೆ ಎರಡೂ ಇಲ್ಲ. ಲೆಕ್ಕದ ಪ್ರಕಾರ ಅದು ಹುಟ್ಟಿಯೇ ಇಲ್ಲ. ನೆಲದ ಪ್ರಕಾರ ಅರ್ಧ ಗೋದಾಮು ಅದರದ್ದೇ. ಮಗ್ಗು ಮುಗಿದು ಪುಡಿ ಉಳಿದರೆ ಅಂಗಡಿಯವರು ಪುಡಿ ಒಲ್ಲರು. ಪುಡಿ ಮುಗಿದು ಮಗ್ಗು ಉಳಿದರೆ ಅದನ್ನು ಮಾರುವಂತಿಲ್ಲ, ಎಸೆಯುವಂತಿಲ್ಲ. ನಮ್ಮ ಗೋದಾಮಿನ ಸುತ್ತಲಿನ ಪ್ರತಿ ಮನೆಯ ಬಚ್ಚಲಿನಲ್ಲೂ ಒಂದೇ ಬಣ್ಣದ ಮಗ್ಗು ಏಕಿದೆ ಎಂದು ಯಾರಾದರೂ ಸಂಶೋಧನೆ ಮಾಡುವುದಾದರೆ ಮಾಡಲಿ.

ಎಷ್ಟು ಬೇಕೋ ಅಷ್ಟೇ ತರಿಸಬಾರದೇ ಎಂದು ತಿಳಿದವರು ಕೇಳುತ್ತಾರೆ. ಎಷ್ಟು ಬೇಕು ಎಂಬುದೇ ಕಷ್ಟ. ಮೇ ತಿಂಗಳಲ್ಲಿ ಬಿಸಿಲು ಏರುತ್ತದೆ. ನವಲಗುಂದದ ಅಂಗಡಿಯವನು ಶರಬತ್ತಿನ ಬಾಟಲಿ ಒಂದು ಬಾಕ್ಸಿನ ಬದಲು ಎರಡು ಕೇಳುತ್ತಾನೆ. ನಮ್ಮ ಹುಡುಗ ಬೇಡಿಕೆ ದುಪ್ಪಟ್ಟಾಯಿತೆಂದು ಬರೆದುಕೊಳ್ಳುತ್ತಾನೆ. ಕೊರತೆ ಬೀಳದಿರಲೆಂದು ನಾವು ಮೂರು ಪಟ್ಟು ಕೇಳುತ್ತೇವೆ. ಡಿಪೋದವರು ಹಾಗೆಯೇ ಹೆದರಿ ಐದು ಪಟ್ಟು ಕೇಳುತ್ತಾರೆ. ಕಾರ್ಖಾನೆ ಹಗಲು ರಾತ್ರಿ ಓಡುತ್ತದೆ. ಶರಬತ್ತಿನ ಲಾರಿಗಳು ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಜೂನ್ ಮಳೆ ಹಿಡಿದಿರುತ್ತದೆ, ನವಲಗುಂದದ ಎರಿಮಣ್ಣಿನಲ್ಲಿ ನಮ್ಮ ಗಾಡಿ ಹೂತಿರುತ್ತದೆ, ಊರೆಲ್ಲ ಚಹಾ ಕೇಳುತ್ತಿರುತ್ತದೆ. ಬೇಡಿಕೆಯ ಸಣ್ಣ ಅಲುಗಾಟ ಹಿಂದಕ್ಕೆ ಹೋದಷ್ಟೂ ಹೇಗೆ ಉಬ್ಬುತ್ತದೆ ಎಂಬುದನ್ನು ಅಮೆರಿಕದ ಎಂಐಟಿಯ ಜೇ ಫಾರೆಸ್ಟರ್ 1961ರಲ್ಲೇ ಪುಸ್ತಕ ಬರೆದು ತೋರಿಸಿದ. ಹಿಡಿಯಲ್ಲಿ ಕೈ ತುಸು ಆಡಿದರೆ ತುದಿ ಮಾರುದ್ದ ಬೀಸುವುದರಿಂದ ಪಂಡಿತರು ಇದಕ್ಕೆ ಬಾರುಕೋಲಿನ ಹೆಸರು ಕೊಟ್ಟಿದ್ದಾರೆ. ಏಟು ಬೀಳುವುದು ಯಾರ ಬೆನ್ನಿಗೆ ಎಂಬುದನ್ನು ಹೇಳುವ ಅಗತ್ಯ ಅವರಿಗೆ ಕಂಡಂತಿಲ್ಲ.

ಇಷ್ಟರ ನಡುವೆ 2025ರ ಸೆಪ್ಟೆಂಬರ್ 22 ಬಂತು. ಮೈ ಸಾಬೂನು, ಶಾಂಪೂ, ಬಿಸ್ಕತ್ತುಗಳ ಮೇಲಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿಯಿತು. ಬಟ್ಟೆ ತೊಳೆಯುವ ಪುಡಿಗೆ ಇಳಿಯಲಿಲ್ಲ. ಮೈಯ ಕೊಳೆಗೂ ಬಟ್ಟೆಯ ಕೊಳೆಗೂ ಬೇರೆ ಬೇರೆ ತೆರಿಗೆಯಾಯಿತು. ಕೊಳ್ಳುವವರಿಗೆ ಹಬ್ಬ, ಸಂತೋಷವೇ. ಗೋದಾಮಿನಲ್ಲಿ ಮಾತ್ರ ಒಂದೇ ಸಾಬೂನು ರಾತ್ರೋರಾತ್ರಿ ಮೂರು ಸಾಬೂನಾಯಿತು: ಹಳೆಯ ಬೆಲೆಯದು, ಹೊಸ ಬೆಲೆಯದು, ಹಳೆಯದರ ಮೇಲೆ ಹೊಸ ಬೆಲೆಯ ಚೀಟಿ ಹಚ್ಚಿದ್ದು. ಚೀಟಿ ಹಚ್ಚಿದರೂ ಹಳೆಯ ಬೆಲೆ ಮುಚ್ಚುವಂತಿಲ್ಲ ಎಂದು ಸರ್ಕಾರದ ಸೂಚನೆ ಬಂದಿತ್ತು. ಕಂಪ್ಯೂಟರಿಗೆ ಇವು ಮೂರು ಬೇರೆ ಬೇರೆ ಜೀವ. ಹಮಾಲಿ ಹುಡುಗನಿಗೆ ಮೂರೂ ಗುಲಾಬಿ ಸಾಬೂನು. 5 ರೂಪಾಯಿಯ ಬಿಸ್ಕತ್ತು 4 ರೂಪಾಯಿ 45 ಪೈಸೆಗೆ, 2 ರೂಪಾಯಿಯ ಶಾಂಪೂ 1 ರೂಪಾಯಿ 75 ಪೈಸೆಗೆ ಇಳಿಯಿತೆಂದು ಪತ್ರಿಕೆಗಳಲ್ಲಿ ಬಂತು. ಆ 55 ಪೈಸೆ ಚಿಲ್ಲರೆಯನ್ನು ಈ ದೇಶದಲ್ಲಿ ಯಾರು ಯಾರಿಗೆ ಕೊಡುತ್ತಾರೆ? ಕಾಕಾ ಪೊಟ್ಟಣವನ್ನು ತಿರುವಿ ಮುರುವಿ ನೋಡಿ, "ಇದಕ್ಕಿಂತ ಬಿಸ್ಕೀಟ್ ಒಂದ್ ಹೆಚ್ಚಿಗಿ ಹಾಕಿದ್ರ ಹುಡುಗ್ರರ ತಿಂತಿದ್ವು" ಎಂದರು. ತೂಕ ಹೆಚ್ಚಿಸಿದ ಪೊಟ್ಟಣಗಳೂ ಆಮೇಲೆ ಬಂದವು, ಅದೇ ಹೆಸರಿನಲ್ಲಿ. ನಾಲ್ಕನೆಯ ಅಟ್ಟಿಗೆ ಜಾಗ ಮಾಡಬೇಕಾಯಿತು.

ವರ್ಷಕ್ಕೊಮ್ಮೆ, ಮಾರ್ಚ್ 31ಕ್ಕೆ, ಕಂಪ್ಯೂಟರನ್ನೂ ಕಾಕಾರನ್ನೂ ಎದುರುಬದುರು ಕೂಡಿಸುವ ಕಾರ್ಯಕ್ರಮವಿದೆ. ಅದಕ್ಕೆ ಸ್ಟಾಕ್ ಟೇಕಿಂಗ್ ಎಂದು ಹೆಸರು. ಎಣಿಸುವುದು ಸುಲಭ: ಉದ್ದಕ್ಕೆ ಆರು, ಅಗಲಕ್ಕೆ ನಾಲ್ಕು, ಎತ್ತರಕ್ಕೆ ಐದು, ಒಟ್ಟು 120. ಇದು ಆಡಿಟರ ಗಣಿತ. ಅಟ್ಟಿಯ ನಡುವೆ ಪೊಳ್ಳು ಇರಬಹುದೆಂಬುದು ಕಾಕಾರ ಗಣಿತ. ಅವಸರದಲ್ಲಿ ಮೇಲಿನಿಂದ ನಡುವಿನ ಬಾಕ್ಸುಗಳನ್ನು ಎತ್ತಿದವರು ಸುತ್ತಲಿನ ಗೋಡೆಯನ್ನು ಹಾಗೇ ಬಿಟ್ಟಿರುತ್ತಾರೆ. ಅದಕ್ಕೇ ಕಾಕಾ ಅಟ್ಟಿಗೆ ಕೈಯಿಂದ ಬಡಿದು ಕಿವಿಗೊಟ್ಟು, "ಒಳಗ ಖಾಲಿ ಐತ್ರಿ, ಏಣಿ ಹಚ್ರಿ" ಎನ್ನುತ್ತಾರೆ.

ಕೊನೆಗೆ ನಿಂಬೆಯ ಸಾಬೂನು ಎರಡು ಬಾಕ್ಸ್ ಕಡಿಮೆ, ಗುಲಾಬಿಯದು ಎರಡು ಬಾಕ್ಸ್ ಹೆಚ್ಚು ಎಂದು ತೇಲುತ್ತದೆ. ಆಡಿಟರಿಗೆ ಇವು ಎರಡು ದೋಷಗಳು, ಎರಡಕ್ಕೂ ಬೇರೆ ಬೇರೆ ಕಾರಣ ಬರೆದು ಕೊಡಬೇಕು. ಕಾಕಾಗೆ ಇದು ದೋಷವೇ ಅಲ್ಲ. "ಅದರ ಬದ್ಲಿ ಇದು ಹೋಗೇತ್ರಿ. ಮೈ ತೊಳಿಯೂದಕ್ಕೇನ್ ಫರಕ್ ಇಲ್ಲ." ಎಲ್ಲೋ ಒಬ್ಬ ಅಂಗಡಿಯವನು ಗುಲಾಬಿ ಕೇಳಿ ನಿಂಬೆ ಪಡೆದು ಮಾರಿ ಮುಗಿಸಿದ್ದಾನೆ, ಸುಮ್ಮನಿದ್ದಾನೆ. ವ್ಯಾಪಾರ ನಡೆದಿರುವುದೇ ಇಂಥವರ ಸುಮ್ಮನಿರುವಿಕೆಯ ಮೇಲೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಈ ಗೊಂದಲಕ್ಕೆ ಮದ್ದು ಬಾರ್‌ಕೋಡ್ ಎಂದು ಕಂಪನಿಯವರು ಕೈಯಲ್ಲಿ ಹಿಡಿಯುವ ಸ್ಕ್ಯಾನರು ಕಳಿಸಿದರು. 1974ರ ಜೂನ್ 26ರಂದು ಅಮೆರಿಕದ ಒಹಾಯೋ ರಾಜ್ಯದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಚೂಯಿಂಗ್ ಗಮ್ ಪೊಟ್ಟಣವೊಂದರ ಗೆರೆಗಳನ್ನು ಮೊದಲ ಸಲ ಯಂತ್ರ ಓದಿತಂತೆ. ಅಲ್ಲಿ ಒಂದು ಪೊಟ್ಟಣ, ಒಂದು ಸಲ 'ಟಿಕ್'. ನಮ್ಮಲ್ಲಿ ಅದು ಬೇರೆ ರೂಪ ತಾಳಿತು. ಇಪ್ಪತ್ತು ಬಾಕ್ಸ್ ಇಳಿದರೆ ಇಪ್ಪತ್ತಕ್ಕೂ ಯಂತ್ರ ಹಿಡಿಯಬೇಕು. ಎಲ್ಲದರ ಮೇಲೂ ಇರುವುದು ಒಂದೇ ಗೆರೆ, 890ರಿಂದ ಶುರುವಾಗುವ ಒಂದೇ ಸಂಖ್ಯೆ, ಏಣಿ ಹತ್ತುವುದೇಕೆ? ಹುಡುಗ ಬಾಗಿಲ ಬಳಿಯ ಒಂದೇ ಬಾಕ್ಸಿಗೆ ನಿಂತಲ್ಲೇ ಇಪ್ಪತ್ತು ಸಲ 'ಟಿಕ್' ಅನ್ನಿಸಿದ. ಯಂತ್ರ ಇಪ್ಪತ್ತು ಎಂದು ಬರೆದುಕೊಂಡಿತು. ಅವನ ಬುದ್ಧಿಗೆ ನಾನು ಒಳಗೊಳಗೇ ತಲೆದೂಗಿದೆ, ಹೊರಗೆ ಬೈದೆ.

ಸ್ಕ್ಯಾನರಿನ ಹಿಂದೆಯೇ ಹೊಸ ಸಾಫ್ಟ್‌ವೇರೂ ಬಂತು. ಇನ್ನು ಮುಂದೆ ಎಲ್ಲಿದೆ ಎಂಬುದೂ ಕಂಪ್ಯೂಟರಿಗೆ ಗೊತ್ತಿರಬೇಕು ಎಂದು ಅಪ್ಪಣೆಯಾಯಿತು. ಪ್ರತಿ ಜಾಗಕ್ಕೂ ಹೆಸರು ಕೊಡಿ, ಎ-1, ಬಿ-3 ಅಂತ ಏನಾದರೂ ಇಡಿ ಎಂದರು. ಬಿಲ್ಲಿಂಗ್ ಮಾಡುವ ಹುಡುಗಿ ಜಾಣೆ. ಎ-1 ಎಂದರೆ ಯಾರಿಗೂ ತಿಳಿಯದೆಂದು ಗೊತ್ತಿದ್ದರಿಂದ ಕಾಕಾರ ಜತೆ ಗೋದಾಮೆಲ್ಲ ಅಡ್ಡಾಡಿ ಅವರು ಹೇಳಿದ್ದನ್ನೇ ತುಂಬಿದಳು: 'ಗಣಪತಿ ಬಾಜೂಕ', 'ಸೋರು ತಗಡು', 'ಮೆಟ್ಟಲ ಕೆಳಗ', 'ಫ್ಯಾನ್ ಕೆಳಗ'. ಅಂದಿನಿಂದ ಗಾಡಿಗಳು ಹೊತ್ತಿಗೆ ಸರಿಯಾಗಿ ಹೊರಟವು.

ಆಮೇಲೆ ಬೆಂಗಳೂರಿನಿಂದ ಕಂಪನಿಯ ಆಫೀಸರು ಪರೀಕ್ಷೆಗೆ ಬಂದರು. ಯಂತ್ರ ಮುದ್ರಿಸಿದ ಪಟ್ಟಿ ಹಿಡಿದು ತಾವೇ ಮಾಲು ಹುಡುಕಿ ನೋಡುತ್ತೇನೆಂದು ಹೊರಟರು. ಗಣಪತಿ ಸಿಕ್ಕಿತು, ಮೆಟ್ಟಿಲು ಸಿಕ್ಕಿತು. ಆಮೇಲೆ ಗೋದಾಮಿನ ನಟ್ಟನಡುವೆ ನಿಂತು ಕತ್ತೆತ್ತಿ ಛಾವಣಿಯ ಆ ತುದಿಯಿಂದ ಈ ತುದಿಯವರೆಗೂ ನೋಡಿದರು.

"ಕಾಕಾ, ಇಲ್ಲಿ ಫ್ಯಾನ್ ಎಲ್ಲಿದೆ?"

"ಫ್ಯಾನ್ ಸುಟ್ಟು ನಾಕ ವರ್ಷ ಆತ್ರಿ ಸರ್," ಎಂದರು ಕಾಕಾ. "ಮಾಲ ಅದರ ಕೆಳಗನ ಐತಿ, ನೋಡ್ರಿ."