ಇತರೆ–3: ಹೊಸ ಮನೆಯ ಪ್ರಥಮದಿನ ಸಾಮಗ್ರಿ ಮೀಮಾಂಸೆ

ಅನುಬಂಧ ಚತುಷ್ಟಯ

ಶಾಸ್ತ್ರಗ್ರಂಥ ಬರೆಯಹೊರಟವನು ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಹೇಳಿ ಮುಂದಕ್ಕೆ ಹೋಗಬೇಕೆಂಬುದು ಹಿರಿಯರ ಕಟ್ಟುಪಾಡು. ವಿಷಯ ಯಾವುದು, ಪ್ರಯೋಜನವೇನು, ಗ್ರಂಥಕ್ಕೂ ವಿಷಯಕ್ಕೂ ಸಂಬಂಧವೇನು, ಓದಲು ಅಧಿಕಾರಿ ಯಾರು?

ವಿಷಯ: ಹೊಸ ಮನೆಗೆ ಹೋದ ಮೊದಲ ದಿನ ಕೈಗೆಟುಕುವಂತೆ ಇರಬೇಕಾದ ವಸ್ತುಗಳು. ಪ್ರಯೋಜನ: ಆ ರಾತ್ರಿ ಗಂಡಹೆಂಡತಿ ಮಾತು ಬಿಡದೆ ಮಲಗುವುದು. ಸಂಬಂಧ: ಈ ಗ್ರಂಥಕರ್ತನು ಬೆಂಗಳೂರಿನಲ್ಲಿ 14 ವರ್ಷಗಳಲ್ಲಿ ಏಳು ಬಾಡಿಗೆ ಮನೆ ಬದಲಿಸಿರುವುದು, ಏಳು ಸಲವೂ ಮಾತು ಬಿಟ್ಟೇ ಮಲಗಿರುವುದು. ಅಧಿಕಾರಿ: ಹತ್ತು ತಿಂಗಳ ಅಡ್ವಾನ್ಸು ಕೊಟ್ಟು, ಹನ್ನೊಂದು ತಿಂಗಳ ಕರಾರು ಬರೆಸಿಕೊಂಡು, ಹನ್ನೆರಡನೆಯ ತಿಂಗಳು ಎಲ್ಲಿರುತ್ತೇನೋ ಎಂದು ಚಿಂತಿಸುವ ಮುಮುಕ್ಷು.

ಹನ್ನೊಂದೇ ಏಕೆಂಬುದಕ್ಕೆ ಪಂಚಾಂಗ ತಿರುವಬೇಕಿಲ್ಲ. ಒಂದು ವರ್ಷ ಮೀರಿದ ಬಾಡಿಗೆ ಪತ್ರ ನೋಂದಣಿಯಾಗಲೇಬೇಕೆಂದು 1908ರ ನೋಂದಣಿ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಆ ಖರ್ಚು, ಆ ಓಡಾಟ ತಪ್ಪಲೆಂದು ಓನರೂ ಬಾಡಿಗೆದಾರನೂ ಕೂಡಿ ವರ್ಷದಿಂದ ಒಂದು ತಿಂಗಳನ್ನೇ ಕಿತ್ತುಹಾಕಿದ್ದಾರೆ.

ಸ್ವಂತ ಮನೆ ಕಟ್ಟಿಸಿ ಗೃಹಪ್ರವೇಶ ಮಾಡುವವರು ಈ ಶಾಸ್ತ್ರಕ್ಕೆ ಅಧಿಕಾರಿಗಳಲ್ಲ. ಅವರಿಗೆ ಪುರೋಹಿತರಿದ್ದಾರೆ, ಅಡುಗೆಯವರಿದ್ದಾರೆ, ಹಸು-ಕರು ಇವೆ, ಬೂದುಗುಂಬಳ ಇದೆ. ಅವರಲ್ಲಿ ಕಾಣೆಯಾಗಬಹುದಾದದ್ದು ದುಡ್ಡೊಂದೇ. ಅದು ಆಗಲೇ ಕಾಣೆಯಾಗಿರುತ್ತದೆ.

ಲಕ್ಷಣ ವಿಚಾರ

ಲಕ್ಷಣ ಗೊತ್ತಿಲ್ಲದ ವಸ್ತುವನ್ನು ಹುಡುಕಲಾಗದು. ಲಕ್ಷಣಕ್ಕೆ ಮೂರು ದೋಷಗಳುಂಟು. ತರ್ಕದ ಪಾಠದಲ್ಲಿ ಇದಕ್ಕೆಲ್ಲ ಬಡಪಾಯಿ ಹಸುವೇ ಉದಾಹರಣೆ. ಹಸುವೆಂದರೆ ಕಂದು ಬಣ್ಣದ್ದು ಎಂದರೆ ಬಿಳಿ ಹಸು ಹೊರಗುಳಿಯಿತು: ಅವ್ಯಾಪ್ತಿ. ಕೊಂಬುಳ್ಳದ್ದು ಎಂದರೆ ಎಮ್ಮೆಯೂ ಒಳಗೆ ನುಗ್ಗಿತು: ಅತಿವ್ಯಾಪ್ತಿ. ಒಂಟಿ ಗೊರಸಿನದು ಎಂದರೆ ಒಂದು ಹಸುವೂ ಸಿಗದು: ಅಸಂಭವ.

ಪ್ರಥಮದಿನದ ಅವಶ್ಯಕ ವಸ್ತು ಯಾವುದು? ಬೆಲೆಬಾಳುವುದೇ ಅವಶ್ಯಕ ಎಂಬುದು ನಮ್ಮ ಮಾವನವರ ಮತ. ಅವರು ಒಡವೆ ಡಬ್ಬಿ, ಎಲ್‌ಐಸಿ ಬಾಂಡು, ಮಗಳ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಇಷ್ಟನ್ನೂ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬಂದಿಳಿದರು. ರಾತ್ರಿ ಏಳೂವರೆಗೆ ಕರೆಂಟು ಹೋಯಿತು. ಮಾರ್ಕ್ಸ್ ಕಾರ್ಡು ಫಸ್ಟ್ ಕ್ಲಾಸಿನದೇ ಆದರೂ ಅದರಿಂದ ಬೆಳಕು ಬರಲಿಲ್ಲ. ಮೇಣದಬತ್ತಿ ಲಕ್ಷಣದಿಂದ ಹೊರಗುಳಿದಿತ್ತು: ಅವ್ಯಾಪ್ತಿ.

ದಿನಾ ಬಳಸುವುದೆಲ್ಲ ಅವಶ್ಯಕ ಎಂಬುದು ಮಗಳ ಮತ. ಇದನ್ನೊಪ್ಪಿ ಒಂದು ಚಿಕ್ಕ ಚೀಲ ಕಟ್ಟಲು ಕೂತೆವು. ಹಲ್ಲುಜ್ಜುವ ಬ್ರಷ್ಷಿನಿಂದ ಶುರುವಾದದ್ದು ದೋಸೆ ಹೆಂಚು, ಇಸ್ತ್ರಿ ಪೆಟ್ಟಿಗೆ, ರಿಮೋಟು, ರಿಮೋಟು ಇದ್ದಮೇಲೆ ಟೀವಿ ಎನ್ನುತ್ತ ಹೋಗಿ ಕೊನೆಗೆ ಲಾರಿಯೇ ಚಿಕ್ಕ ಚೀಲವಾಯಿತು: ಅತಿವ್ಯಾಪ್ತಿ.

ಕೊನೆಗೆ ಹೇರಿದ್ದನ್ನು ಮೊದಲು ಇಳಿಸುತ್ತಾರಾದ್ದರಿಂದ ಬೇಕಾದ್ದನ್ನೆಲ್ಲ ಕೊನೆಗೆ ಹೇರಿಸಬೇಕು ಎಂಬುದು ನನ್ನ ಹಳೆಯ ಮತ. ಕೇಳಲು ಚೆಂದ. ಆದರೆ ಲಾರಿಯಲ್ಲಿ ಕೊನೆಗೆ ಏರುವುದು ಎಂದೆಂದಿಗೂ ತುಳಸಿ ಕುಂಡ, ತುಕ್ಕು ಹಿಡಿದ ಸೈಕಲ್ಲು ಮತ್ತು ಯಾರದೋ ಒಂದು ಚಪ್ಪಲಿ: ಅಸಂಭವ.

ಆದ್ದರಿಂದ ದೋಷರಹಿತವಾದ ಲಕ್ಷಣ ಇದು: ಆ ದಿನ ಯಾವುದು ಸಿಗುವುದಿಲ್ಲವೋ ಅದೇ ಅವಶ್ಯಕ ವಸ್ತು.

ಭಾಷ್ಯ: ಸಿಕ್ಕ ವಸ್ತು ಅವಶ್ಯಕವೆಂದು ಯಾರ ಗಮನಕ್ಕೂ ಬರುವುದಿಲ್ಲ. ಬಚ್ಚಲಿನ ಮಗ್ಗು ಇದ್ದ ದಿನ ಅದು ಮೂವತ್ತು ರೂಪಾಯಿಯ ಪ್ಲಾಸ್ಟಿಕ್ಕು. ಇಲ್ಲದ ದಿನ ಅದು ಐದನೆಯ ಪುರುಷಾರ್ಥ.

ಅಭಾವ ಪ್ರಕರಣ

ವೈಶೇಷಿಕರು ಜಗತ್ತನ್ನೆಲ್ಲ ಕೆಲವೇ ಪದಾರ್ಥಗಳಲ್ಲಿ ಅಡಗಿಸಿದವರು. ಕಣಾದ ಮಹರ್ಷಿ ಮೊದಲು ಎಣಿಸಿದ್ದು ಆರು: ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ. ಏಳನೆಯದಾಗಿ ‘ಅಭಾವ’, ಅಂದರೆ ಇಲ್ಲದಿರುವುದು ಕೂಡ ಒಂದು ಪದಾರ್ಥವೇ ಎಂದು ಪಟ್ಟಿಗೆ ಸೇರಿಸಿದ್ದು ಅವರ ನಂತರದವರು. ಆ ನಡುವೆ ಯಾರೋ ಮನೆ ಬದಲಿಸಿರಬೇಕು.

ಅಭಾವದಲ್ಲಿ ನಾಲ್ಕು ಬಗೆ. ಹೊಸ ಮನೆಯಲ್ಲಿ ನಾಲ್ಕಕ್ಕೂ ಒಂದೊಂದು ಕೋಣೆ ಮೀಸಲು.

ಪ್ರಾಗಭಾವ ಎಂದರೆ ವಸ್ತು ಹುಟ್ಟುವ ಮೊದಲಿನ ಇಲ್ಲಮೆ. ಇದಕ್ಕೆ ಆದಿಯಿಲ್ಲ, ಅಂತ್ಯ ಉಂಟು. ಉದಾಹರಣೆ ಇಂಟರ್ನೆಟ್ಟು. “ನಾಳೆ ಬೆಳಿಗ್ಗೆ ಹುಡುಗ ಬರ್ತಾನೆ ಸಾರ್” ಎಂದಿದ್ದಾರೆ. ಅಂತ್ಯ ಉಂಟೆಂದು ಶಾಸ್ತ್ರವೇ ಹೇಳಿರುವುದರಿಂದ ಕಾಯಬಹುದು.

ಪ್ರಧ್ವಂಸಾಭಾವ ಎಂದರೆ ಒಡೆದಮೇಲಿನ ಇಲ್ಲಮೆ. ಇದಕ್ಕೆ ಆದಿ ಉಂಟು, ಅಂತ್ಯವಿಲ್ಲ. ಉದಾಹರಣೆ ಅತ್ತೆಯವರು ಕೊಟ್ಟಿದ್ದ ಉಪ್ಪಿನಕಾಯಿ ಭರಣಿ. ಅದು ಲಾರಿಯಲ್ಲಿ ಎಷ್ಟು ಗಂಟೆಗೆ ಒಡೆಯಿತೆಂದು ಹೇಳಬಹುದು. ಅದರ ಮಾತು ಯಾವಾಗ ನಿಲ್ಲುತ್ತದೆಂದು ಹೇಳಲಾಗದು.

ಅತ್ಯಂತಾಭಾವ ಮೂರು ಕಾಲದಲ್ಲೂ ಇಲ್ಲದಿರುವುದು. ಉದಾಹರಣೆ ಬ್ರೋಕರು ಹೇಳಿದ್ದ ‘ಇಪ್ಪತ್ನಾಲ್ಕು ಗಂಟೆ ಕಾವೇರಿ ನೀರು’. ಸಂಪು ಇದೆ, ಮೋಟಾರು ಇದೆ, ನಲ್ಲಿಯೂ ಇದೆ. ತಿರುಗಿಸಿದರೆ ಒಮ್ಮೆ ಆಕಳಿಸಿ ಸುಮ್ಮನಾಗುತ್ತದೆ.

ಅನ್ಯೋನ್ಯಾಭಾವ ಎಂದರೆ ಇದು ಅದಲ್ಲ ಎಂಬುದು. ಗೀಸರಿನ ಪ್ಲಗ್ಗು 16 ಆಂಪಿಯರಿನ ದಪ್ಪ ಮೂರು ಪಿನ್ನಿನದು. ಬಚ್ಚಲ ಗೋಡೆಯ ಸಾಕೆಟ್ಟು 6 ಆಂಪಿಯರಿನ ಸಣ್ಣ ತೂತಿನದು. ಪ್ಲಗ್ಗೂ ಇದೆ, ಸಾಕೆಟ್ಟೂ ಇದೆ, ಬಿಸಿನೀರು ಮಾತ್ರ ಇಲ್ಲ. ಜಾತಕ ಕೂಡದ ವಧುವರರಂತೆ ಎರಡೂ ಎದುರುಬದುರು ಕೂತಿವೆ.

ಬಲ್ಬಿನ ವಿಚಾರ ಇದರೊಳಗೆ ಬರುವುದಿಲ್ಲ. ಅದಕ್ಕೆ ಅರ್ಥಾಪತ್ತಿ ಬೇಕು. ದೇವದತ್ತ ದಪ್ಪಗಿದ್ದಾನೆ, ಹಗಲಲ್ಲಿ ಉಣ್ಣುವುದಿಲ್ಲ. ಹಾಗಾದರೆ ರಾತ್ರಿ ಉಣ್ಣುತ್ತಾನೆ ಎಂದು ಊಹಿಸುವುದು ಅರ್ಥಾಪತ್ತಿ. ಮನೆಯಲ್ಲಿ ಒಂಬತ್ತು ಹೋಲ್ಡರುಗಳಿವೆ, ಬಲ್ಬು ಒಂದೂ ಇಲ್ಲ. ಹಾಗಾದರೆ ಹಿಂದಿನ ಬಾಡಿಗೆದಾರರು ಬಿಚ್ಚಿಕೊಂಡು ಹೋಗಿದ್ದಾರೆ. ಅವರನ್ನು ಬಯ್ಯಲು ಬಾಯಿ ತೆರೆದೆ. ಅಷ್ಟರಲ್ಲಿ ನಾವು ಬಿಟ್ಟುಬಂದ ಮನೆಯ ಹನ್ನೊಂದು ಖಾಲಿ ಹೋಲ್ಡರುಗಳು ನೆನಪಾದವು.

ಅನುಪಲಬ್ಧಿ ಪ್ರಕರಣ

ಇಲ್ಲ ಎಂಬುದು ನಮಗೆ ತಿಳಿಯುವುದು ಹೇಗೆ? ತಾರ್ಕಿಕರ ಹಳೆಯ ಉದಾಹರಣೆ: ನೆಲದ ಮೇಲೆ ಗಡಿಗೆ ಇಲ್ಲ. ನೈಯಾಯಿಕರ ಪ್ರಕಾರ ಗಡಿಗೆಯ ಅಭಾವವನ್ನು ಕಣ್ಣೇ ಕಾಣುತ್ತದೆ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಇದನ್ನೊಪ್ಪದೆ ಅನುಪಲಬ್ಧಿ ಎಂಬ ಆರನೆಯ ಪ್ರಮಾಣವನ್ನೇ ಹೇಳಿದರು. ಕಾಣಲಿಲ್ಲ, ಆದ್ದರಿಂದ ಇಲ್ಲ.

ನಾನು ಹುಟ್ಟಾ ಭಾಟ್ಟ. ಆ ದಿನಕ್ಕೆಂದೇ ಎರಡು ವಾರ ಮೊದಲು ಪಟ್ಟಿ ಮಾಡಿ 21 ಸಾಮಾನು ತುಂಬಿಸಿದ್ದ ಚೀಲ ಕಾಣಲಿಲ್ಲ. ಬೆಂಕಿಪೊಟ್ಟಣ, ಮೇಣದಬತ್ತಿ, ಕತ್ತರಿ, ಎರಡು ಬಲ್ಬು, ಟೀಪುಡಿ, ಸಕ್ಕರೆ, ಹಾಲು ಕಾಯಿಸುವ ಪಾತ್ರೆ, ಮಗ್ಗು, ಸೊಳ್ಳೆಬತ್ತಿ ಎಲ್ಲ ಅದರಲ್ಲೇ ಇದ್ದವು. ಮೂರು ಕೋಣೆ ಸುತ್ತಿ ಬಂದು “ಇಲ್ಲ ಕಣೇ” ಎಂದೆ.

“ನೀವು ಹುಡುಕಿದ್ದು ಹುಡುಕಿದ ಹಾಗಲ್ಲ ರೀ” ಎಂದಳು ಹೆಂಡತಿ.

ಇದನ್ನು ಜಗಳದ ಮಾತೆಂದು ತಿಳಿದವರು ಶಾಸ್ತ್ರ ಓದಿಲ್ಲ. ಇದು ಯೋಗ್ಯಾನುಪಲಬ್ಧಿ ವಾದ. ವಸ್ತು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂಥ ಸ್ಥಿತಿಯಲ್ಲಿ ಮಾತ್ರ ಕಾಣದಿರುವುದು ಪ್ರಮಾಣವಾಗುತ್ತದೆ. ಕತ್ತಲಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದು ಅರ್ಥವಲ್ಲ. ನಾನು ಹುಡುಕಿದಾಗ ಕಾಣದಿದ್ದರೆ ಅದು ಇಲ್ಲವೆಂದು ಅರ್ಥವಲ್ಲ ಎಂದು ಅವಳು ಮದುವೆಯಾದ ಲಾಗಾಯ್ತು ಸಾಧಿಸುತ್ತ ಬಂದಿದ್ದಾಳೆ.

ಪೆಟ್ಟಿಗೆಗಳು ಒಟ್ಟು 34. ಹೆಸರು ಬರೆದವನು ನಾನೇ. ‘ಅಡುಗೆಮನೆ’, ‘ದೇವರು’, ‘ಪುಸ್ತಕ’ ಎಂದು ಶುರುಮಾಡಿದ ಕೈ ರಾತ್ರಿ ಹನ್ನೊಂದರ ಹೊತ್ತಿಗೆ ಸೋತು ‘ಇತರೆ–1’, ‘ಇತರೆ–2’, ‘ಇತರೆ–3’ ಎಂದು ಬರೆದಿತ್ತು. ಚೀಲವನ್ನು ಯಾರೋ ಇತರೆ–3ರೊಳಗೆ ತುರುಕಿದ್ದು ಮಗಳಿಗೆ ನೆನಪಿತ್ತು. ಇತರೆ–3 ಎಲ್ಲಿದೆಯೆಂದು ಯಾರಿಗೂ ನೆನಪಿರಲಿಲ್ಲ. ಪೆಟ್ಟಿಗೆಗಳ ಬೆಟ್ಟದಲ್ಲಿ ಮುಖ ಗೋಡೆಗೆ ತಿರುಗಿಸಿ ನಿಂತವೇ ಹೆಚ್ಚು. ಬಿಚ್ಚಿ ನೋಡೋಣವೆಂದರೆ ಟೇಪು ಕತ್ತರಿಸಲು ಕತ್ತರಿ ಬೇಕು, ಕತ್ತರಿ ಸಿಗಲು ಟೇಪು ಕತ್ತರಿಸಬೇಕು. ಇದಕ್ಕೆ ಅನ್ಯೋನ್ಯಾಶ್ರಯ ದೋಷವೆಂದು ಹೆಸರು. ಹೆಸರು ಗೊತ್ತಿದ್ದದ್ದರಿಂದ ಟೇಪೇನೂ ಬಿಚ್ಚಿಕೊಳ್ಳಲಿಲ್ಲ.

ಕ್ಷೀರ ಪ್ರಕರಣ

ಅಂದು ಭಾನುವಾರ. ರಾಹುಕಾಲ ನಾಲ್ಕೂವರೆಯಿಂದ ಆರು. ಬೆಳಿಗ್ಗೆ ಏಳಕ್ಕೇ ಹಾಲುಕ್ಕಿಸಬೇಕೆಂದಿದ್ದವರಿಗೆ, ಪೇಂಟು ಒಣಗಿಲ್ಲವೆಂದು ಓನರು ಕೀಲಿ ಕೊಟ್ಟದ್ದು ಮಧ್ಯಾಹ್ನ ಮೂರಕ್ಕೆ. ಊರಿನಿಂದ ಅಮ್ಮ ವೀಡಿಯೋ ಕಾಲಿನಲ್ಲಿ ಕೂತಿದ್ದಳು. ನಾಲ್ಕು ಗಂಟೆ ಐದು ನಿಮಿಷಕ್ಕೆ ನಮ್ಮ ಬಳಿ ಇದ್ದದ್ದು ಅರ್ಧ ಲೀಟರಿನ ನಂದಿನಿ ನೀಲಿ ಪ್ಯಾಕೆಟ್ಟು, ಒಲೆ, 14.2 ಕೆಜಿಯ ತುಂಬಿದ ಸಿಲಿಂಡರು ಮತ್ತು ಐದು ಲೀಟರಿನ ಕುಕ್ಕರು. ಕಡ್ಡಿ ಇಲ್ಲ, ಲೈಟರು ಇಲ್ಲ.

ಆಗ ಬೀರು ಹೊತ್ತು ಒಳಗೆ ಬಂದ ಹಮಾಲಿ ಅದನ್ನು ಇಳಿಸಿ, ಬೆವರು ಒರೆಸಿಕೊಂಡು, ಅಂಗಿಯ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು “ಇಟ್ಕೊಳಿ ಸಾರ್, ನಾಕು ಕಡ್ಡಿ ಐತೆ” ಎಂದ. ಅದೇ ಜೇಬಿನಿಂದ ಅರ್ಧ ಬ್ಲೇಡು ತೆಗೆದು ‘ದೇವರು’ ಪೆಟ್ಟಿಗೆಯ ಟೇಪನ್ನು ಒಂದೇ ಎಳೆತಕ್ಕೆ ಸೀಳಿದ. ಆ ಜೇಬಿನಲ್ಲಿ ಇನ್ನೂ ಇದ್ದದ್ದು ಸ್ವಲ್ಪ ಸೆಣಬಿನ ದಾರ, ಒಂದು ಬೀಡಿ, ಮಡಚಿದ ನೂರರ ನೋಟು. ಹೆಗಲ ಮೇಲೊಂದು ಟವೆಲ್ಲು. ದಿನಕ್ಕೊಂದು ಹೊಸ ಮನೆ ಹೊಗುವವನ ಪ್ರಥಮದಿನ ಸಾಮಗ್ರಿ ಅಷ್ಟೆ. ನನ್ನ ಪಟ್ಟಿಯ 21 ಸಾಮಾನು ಒಟ್ಟು ಸೇರಿ ಮಾಡಲಾಗದ್ದನ್ನು ಅವನ ಎಡಜೇಬು ಮಾಡಿತ್ತು. ಆಪ್ತವಾಕ್ಯವೂ ಪ್ರಮಾಣವೆಂದು ಒಪ್ಪುವವರು ಇನ್ನು ಮುಂದೆ ಓದಬೇಕಾಗಿಲ್ಲ.

ಒಲೆ ಹತ್ತಿತು. ಇಲ್ಲಿ ಸ್ವಲ್ಪ ಭೌತಶಾಸ್ತ್ರ. ಹಾಲು ಕಾದಂತೆ ಅದರ ಪ್ರೋಟೀನೂ ಕೊಬ್ಬೂ ಸೇರಿ ಮೇಲೆ ಪದರ ಕಟ್ಟುತ್ತವೆ. ತಳದಿಂದ ಏಳುವ ಹಬೆಗೆ ಹೊರಬೀಳಲು ದಾರಿ ಸಿಗದೆ ಆ ಪದರವನ್ನೇ ಎತ್ತಿಕೊಂಡು ಮೇಲೇರುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿಗಿಂತ ಮೂರು ಡಿಗ್ರಿ ಮುಂಚೆ. ಈ ಲೆಕ್ಕದಲ್ಲಿ ಬೆಂಗಳೂರಿನ ಹಾಲು ಬೇಗ ಉಕ್ಕಬೇಕು. ನಿತ್ಯದ ಅನುಭವವೂ ಅದೇ: ಪೇಪರಿನವನಿಗೆ ದುಡ್ಡು ಕೊಟ್ಟು ಬರುವಷ್ಟರಲ್ಲಿ ಒಲೆಯೆಲ್ಲ ಹಾಲು.

ಉಕ್ಕಲಿ ಎಂದು ಮನುಷ್ಯ ಬೇಡುವ ಒಂದೇ ದಿನ ಅದು ಉಕ್ಕುವುದಿಲ್ಲ. ಐದು ಲೀಟರಿನ ಕುಕ್ಕರಿನಲ್ಲಿ ಅರ್ಧ ಲೀಟರು ಹಾಲು ಬೇಸಿಗೆಯ ಬಾವಿಯ ನೀರಿನಂತೆ ತಳದಲ್ಲಿ ಮಿನುಗುತ್ತಿತ್ತು. ಏರುತ್ತಿತ್ತು, ಅರ್ಧಕ್ಕೆ ಬರುತ್ತಿತ್ತು, ಮನಸ್ಸು ಬದಲಿಸಿ ಇಳಿಯುತ್ತಿತ್ತು.

“ಉಕ್ಕಿತೇನೋ?” ಎಂದಳು ಅಮ್ಮ ಫೋನಿನೊಳಗಿಂದ.

“ಉಕ್ತಾ ಇದೆ ಅಮ್ಮಾ.”

“ನಂಗೆ ಕುಕ್ಕರ್ ಗೋಡೆ ಮಾತ್ರ ಕಾಣ್ತಿದೆ.”

ನಾಲ್ಕು ಇಪ್ಪತ್ತೆರಡಕ್ಕೆ ಹೆಂಡತಿ ತನ್ನ ಕೈಚೀಲದಿಂದ ಒಂದು ಸ್ಟೀಲು ಲೋಟ ತೆಗೆದಳು. ಕುಕ್ಕರಿನ ಹಾಲನ್ನು ಲೋಟದ ಕಂಠದವರೆಗೆ ಬಗ್ಗಿಸಿ, ದುಪಟ್ಟಾದ ತುದಿಯಲ್ಲಿ ಹಿಡಿದು ಉರಿಯ ಮೇಲಿಟ್ಟಳು. ಒಂದು ನಿಮಿಷವೂ ಆಗಲಿಲ್ಲ, ಧಡಾರನೆ ಉಕ್ಕಿ ಸುರಿಯಿತು. ಮಗಳು ಫೋನಿನ ದಿಕ್ಸೂಚಿ ನೋಡಿ ಸಣ್ಣ ದನಿಯಲ್ಲಿ “ಪಶ್ಚಿಮಕ್ಕೆ ಚೆಲ್ಲಿತು” ಎಂದಳು. ಎಲ್ಲರೂ ಉಸಿರು ಬಿಗಿಹಿಡಿದರು. ಅಮ್ಮ ಒಂದು ಗಳಿಗೆ ಸುಮ್ಮನಿದ್ದು, “ಫೋನಲ್ಲಿ ನಂಗೆ ಪೂರ್ವಕ್ಕೇ ಕಾಣ್ತು ಬಿಡೋ” ಎಂದಳು. ಪ್ರತ್ಯಕ್ಷಕ್ಕಿಂತ ಬಲವಾದ ಪ್ರಮಾಣ ತಾಯಿಯ ಮಾತು.

ಮಿಕ್ಕ ಹಾಲು ಬೆಚ್ಚಗಾದಮೇಲೆ ಹೆಂಡತಿ ಅದೇ ಕೈಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದು ಹೆಪ್ಪು ಹಾಕಿದಳು. ಅವಳು ಪಟ್ಟಿ ಮಾಡಿದವಳಲ್ಲ, ಶಾಸ್ತ್ರ ಬರೆದವಳಲ್ಲ. ಮನೆ ಏಳು ಬದಲಾಗಿದೆ, ಮೊಸರು ಮಾತ್ರ ಅದೇ.

ಫಲಶ್ರುತಿ

ಈ ಮೀಮಾಂಸೆಯನ್ನು ಓದಿದವರಿಗೆ ಬಲ್ಬು ಸಿಗುವುದು, ನಲ್ಲಿಯಲ್ಲಿ ನೀರು ಬರುವುದು, ರಾತ್ರಿ ಮಾತುಕತೆ ನಡೆಯುವುದು ಎಂದು ಬರೆದು ಮುಗಿಸುವವನಿದ್ದೆ. ಅಷ್ಟರಲ್ಲಿ ಹನ್ನೊಂದು ತಿಂಗಳು ಕಳೆದು ಓನರಿನ ಮಗ ಊರಿಗೆ ವಾಪಸು ಬರುವವನಾದ.

ಹೊಸ ಲಾರಿ, ಹೊಸ ಹಮಾಲಿಗಳು. ಸಜ್ಜೆಯ ಮೇಲೆ ಹತ್ತಿದವನು ಮೂಲೆಯಲ್ಲಿ, ಖಾಲಿ ಸೂಟ್‌ಕೇಸಿನ ಹಿಂದೆ, ಮುಖ ಗೋಡೆಗೆ ಮಾಡಿ ಕೂತಿದ್ದ ಒಂದು ಪೆಟ್ಟಿಗೆಯನ್ನು ತಿರುಗಿಸಿದ. ಟೇಪು ಹಾಕಿದ್ದು ಹಾಕಿದ ಹಾಗೇ ಇತ್ತು. ಇತರೆ–3.

“ಇತರೆ ಅಂತ ಬರ್ದಿದ್ರೆ ನಾವು ನೇರ ಸಜ್ಜೆಗೇ ಏರಿಸೋದು ಸಾರ್. ಯಾರೂ ಕೂಡ್ಲೇ ಕೇಳಲ್ಲ” ಎಂದ.

ಬಿಚ್ಚಿದೆವು. ಬೆಂಕಿಪೊಟ್ಟಣ, ಮೇಣದಬತ್ತಿ, ಕತ್ತರಿ, ಬಲ್ಬು, ಗಟ್ಟಿಯಾದ ಸಕ್ಕರೆ. 21ಕ್ಕೆ 21 ಇದ್ದವು. ಯೋಗ್ಯಾನುಪಲಬ್ಧಿ ವಾದ ಗೆದ್ದಿತ್ತು. ಗೆದ್ದವಳು ಏನೂ ಹೇಳಲಿಲ್ಲ. ಪೆಟ್ಟಿಗೆಯ ರೆಕ್ಕೆಗಳನ್ನು ಮಡಚಿ, “ಹಾಗೇ ಟೇಪ್ ಹಾಕಿ ರೀ, ಹೊಸ ಮನೆಗೆ ಮೊದಲ ದಿನಕ್ಕೆ ಬೇಕಾಗತ್ತೆ” ಎಂದಳಷ್ಟೆ.

ಟೇಪು ಹಾಕಿದೆ. ಮೇಲಿನ ಬರಹ ಹೊಡೆದು ‘ಮೊದಲ ದಿನ’ ಎಂದು ತಿದ್ದೋಣವೆಂದು ಮಾರ್ಕರ್ ಪೆನ್ನು ಹುಡುಕಿದೆ. ಸಿಗಲಿಲ್ಲ.