ಆ ಐದು ಜನ ನಮ್ಮ ಜಗಲಿಯಲ್ಲೇ ಇದ್ದಾರೆ

ರೈತರಿಗಾಗಿ ಆ್ಯಪ್ ರೂಪಿಸುವ ಮಹನೀಯರಿಗೆ,

ಕೊಳ್ಳೇಗಾಲ ತಾಲ್ಲೂಕು ಕುಂತೂರಿನ ಕಬ್ಬು ಬೆಳೆಗಾರರು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ತಮ್ಮ ಬೆಳೆ ಸಮೀಕ್ಷೆ ಆ್ಯಪ್ ಮತ್ತೆ ಅಪ್‌ಡೇಟ್ ಆಗಿದೆ. ಬಣ್ಣ ಬಲು ಸೊಗಸು. ಹೋದ ಮುಂಗಾರಿನಲ್ಲಿ ‘ಮುಂದುವರಿಯಿರಿ’ ಬಟನ್ ಎಲ್ಲಿದೆಯೆಂದು ಮೊಮ್ಮಕ್ಕಳನ್ನು ಕಾಡಿ ಕಲಿತಿದ್ದೆವು. ಈಗದು ಮೂಲೆಯ ಮೂರು ಗೆರೆಗಳೊಳಗೆ ಅವಿತಿದೆ. ಮುದುಕರ ಬುದ್ಧಿಗೆ ತುಕ್ಕು ಹಿಡಿಯಬಾರದೆಂಬ ತಮ್ಮ ಕಾಳಜಿಗೆ ಶರಣು. ಜಮೀನಿನೊಳಗೇ ನಿಂತು ಫೋಟೊ ತೆಗೆಯಬೇಕಂತೆ, ಆಗಲಿ. ಓಟಿಪಿ ತರುವ ನೆಟ್‌ವರ್ಕ್ ಮಾತ್ರ ರಸ್ತೆ ಬಿಟ್ಟು ಗದ್ದೆಗೆ ಇಳಿಯುವುದಿಲ್ಲ. ಮಟಮಟ ಮಧ್ಯಾಹ್ನ ತಮ್ಮ ತಿಳಿಬೂದು ಅಕ್ಷರ ನಮಗೆ ಕಾಣದು, ಎ.ಸಿ. ಕೋಣೆಯಲ್ಲಿ ಚೆನ್ನಾಗಿಯೇ ಕಂಡಿರಬೇಕು.

2020ರ ಮುಂಗಾರಿನಲ್ಲಿ ರಾಜ್ಯ ಸರ್ಕಾರ ರೈತರೇ ತಮ್ಮ ಬೆಳೆಯ ಫೋಟೊ ಏರಿಸಲಿ ಎಂದಿತು. ಒಳ್ಳೆಯ ಯೋಚನೆಯೇ. ಆದರೆ ಬೆಳೆ ವಿಮೆ, ಬೆಳೆ ನಷ್ಟದ ಪರಿಹಾರ, ಬೆಂಬಲ ಬೆಲೆ ಎಲ್ಲಕ್ಕೂ ಸಮೀಕ್ಷೆಯ ಮಾಹಿತಿಯೇ ಆಧಾರ. ಬೆರಳು ಜಾರಿದರೆ ಕಬ್ಬು ಭತ್ತವಾದೀತು.

‘ಭೂಮಿ’ ಯೋಜನೆ ನೆನಪಿದೆಯೇ? ಕೈಬರಹದ ಪಹಣಿ ಹೋಗಿ, ತಾಲ್ಲೂಕು ಕಚೇರಿ ಕೌಂಟರಿನಲ್ಲಿ 15 ರೂಪಾಯಿಗೆ ಕಂಪ್ಯೂಟರ್ ಪಹಣಿ ಬಂದ ಕಾಲ. ಅಲ್ಲಿ ಇನ್ನೊಂದು ಪರದೆಯನ್ನು ರೈತನ ಕಡೆಗೆ ತಿರುಗಿಸಿ ಇಟ್ಟಿದ್ದರು. ಒಳಗೆ ಏನು ನಡೆಯುತ್ತಿದೆ ಎಂದು ಹೊರಗೆ ನಿಂತವನಿಗೂ ಕಾಣಲಿ ಎಂಬುದಷ್ಟೇ ಉದ್ದೇಶ. ರೈತ ಎಲ್ಲಿ ನಿಂತಿರುತ್ತಾನೆ ಎಂದು ಯಾರೋ ಒಬ್ಬರು ಮೊದಲೇ ಯೋಚಿಸಿದ್ದರು.

ಹಾಗೆ ಯೋಚಿಸಲು ದಾರಿಯೂ ಉಂಟು. ಯಾಕೋಬ್ ನೀಲ್ಸನ್ ಎಂಬ ಡೆನ್ಮಾರ್ಕಿನ ತಜ್ಞರು 2000ದಲ್ಲಿ ಬರೆದರು: ವಿನ್ಯಾಸವನ್ನು ಐದು ಜನ ಬಳಕೆದಾರರ ಕೈಗೆ ಕೊಟ್ಟು ನೋಡಿದರೆ ಹೆಚ್ಚಿನ ತೊಡಕುಗಳು ಬಯಲಾಗುತ್ತವೆ, ತಿದ್ದಿ, ಮತ್ತೆ ಐದು ಜನಕ್ಕೆ ಕೊಡಿ. ಐದು ಜನಕ್ಕೆ ಬರವೇ ಸ್ವಾಮಿ? ನಮ್ಮ ಜಗಲಿಯಲ್ಲಿ ಯಾವ ಹೊತ್ತಿಗೂ ಸಿಗುತ್ತಾರೆ, ಎಲೆ ಅಡಿಕೆ ಸಮೇತ.

ಅಹವಾಲು ಇಷ್ಟೇ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಅದನ್ನು ಗದ್ದೆಯಲ್ಲಿ, ಬಿಸಿಲಲ್ಲಿ, ನಮ್ಮ ಒಡಕು ಗಾಜಿನ ಫೋನಿನಲ್ಲಿ ಮಾಡಿಸಿ ನೋಡಿ. ನಾವು ತಡವರಿಸಿದಾಗ ಹೇಳಿಕೊಡಬೇಡಿ, ಬರೆದುಕೊಳ್ಳಿ. ಕಲಿತ ಬಟನ್ ಇದ್ದಲ್ಲೇ ಇರಲಿ.

ಕಲಿಯಲು ಬರುವುದರಲ್ಲಿ ನಾಚಿಕೆ ಬೇಡ. ಮಲೆ ಮಹದೇಶ್ವರ, ನಮ್ಮ ಮಾದಪ್ಪನೇ ಕುಂತೂರು ಮಠಕ್ಕೆ ಬಂದು ಶಿಷ್ಯನಾದ ಎಂದು ಕಂಸಾಳೆಯವರು ಹಾಡುತ್ತಾರೆ. ತಾವೂ ಬನ್ನಿ, ಮುಂಗಡ ನೋಂದಣಿ ಬೇಕಿಲ್ಲ.

ಇಂತಿ ತಮ್ಮ ವಿಧೇಯ,
ಪಾಸ್‌ವರ್ಡ್ ಮರೆತ ಬಳಕೆದಾರ